ಮೂವತ್ತೊಂದನೇ ಸಾಲಿನ ಎರಡು ಚುಕ್ಕೆಗಳು

ಆ ಭಾನುವಾರ ಗೊಬ್ಬೂರಿನಲ್ಲಿ ಒಂದು ಹೊಲದ ಹದ್ದು ಅಳೆದು ಮುಗಿಸಿ, ಮಧ್ಯಾಹ್ನ ಒಂದರ ಸುಮಾರಿಗೆ ಅಫಜಲಪುರದ ಮನೆಗೆ ಬಂದೆ. ಬೂಟಿಗೆ ಮೆತ್ತಿದ ಎರೆಮಣ್ಣನ್ನು ಹೊಸ್ತಿಲ ಹೊರಗೆ ಕೆರೆಯುತ್ತಿದ್ದಾಗಲೇ ಒಳಗಿನ ಜಗಳ ಕೇಳಿಸಿತು. ಅದು ನಿಜವಾದ ಜಗಳವಲ್ಲ, ಪ್ರತಿ ಭಾನುವಾರದ್ದು.

"ರೊಟ್ಟಿ ಸೆಟದು ಹಂಚಾಗ್ಯಾವ. ನಿಮ್ಮಣ್ಣಗ ಹೇಳ್ ಬೇ, ಚುಕ್ಕಿ ನೋಡಿದ್ರ ಹೊಟ್ಟಿ ತುಂಬಂಗಿಲ್ಲ ಅಂತ," ಎಂದರು ಅಣ್ಣನ ಹೆಂಡತಿ, ನನ್ನ ವೈನಿ, ನನ್ನನ್ನು ಕಂಡ ಕೂಡಲೇ.

"ಚುಕ್ಕಿ ಅಲ್ಲ, ಗ್ಯಾಲಕ್ಸಿ," ಎಂದ ಅಣ್ಣ, ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆ.

"ಅಲ್ಲಿ ರೊಟ್ಟಿ ಬಡಿಯೋರು ಇದ್ರ ಅಲ್ಲೇ ಉಣ್ರಿ ಹಂಗಾರ."

ಅಣ್ಣ ಇಲ್ಲಿಯ ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ. ದೂರದ ಒಂದು ರೇಡಿಯೊ ಖಗೋಳ ಸಂಶೋಧನಾ ಕೇಂದ್ರ ತನ್ನ ಕೆಲಸದ ಒಂದು ಪಾಲನ್ನು ಇಂಥ ಉಪನ್ಯಾಸಕರಿಗೆ ಹಂಚಿಕೊಡುತ್ತಿತ್ತು. ಅವರು ಚಿತ್ರ ಕಳಿಸುತ್ತಿದ್ದರು, ಇವನು ಅಳೆದು ಪಟ್ಟಿ ಮಾಡಿ ಕಳಿಸುತ್ತಿದ್ದ. ನಾನು ಪರವಾನಗಿ ಪಡೆದ ಭೂಮಾಪಕಿ. ಪಿಯುಸಿ ಮುಗಿಸಿ ಸರ್ವೆ ತರಬೇತಿ ಮಾಡಿಕೊಂಡವಳು. ಬಿಡುವಿದ್ದ ದಿನ ಅಣ್ಣನ ಪಕ್ಕದಲ್ಲಿ ಕುಳಿತು ಪರದೆಯ ಮೇಲಿನ ಅಂಕಿಗಳನ್ನು ಓದಿ ಹೇಳುತ್ತಿದ್ದೆ. ಅವನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ಬರೆಯುವ ಕೆಲಸವನ್ನು ಅವನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ರೇಡಿಯೊ ದೂರದರ್ಶಕಕ್ಕೆ ಕಣ್ಣಿಟ್ಟು ನೋಡುವಂಥದ್ದು ಏನೂ ಇರುವುದಿಲ್ಲ. ಬಯಲಿನಲ್ಲಿ ಸಾಲಾಗಿ ನಿಂತ ದೊಡ್ಡ ಬುಟ್ಟಿಗಳು ಆಕಾಶದಿಂದ ಬರುವ ರೇಡಿಯೊ ಅಲೆಗಳನ್ನು ಹಿಡಿಯುತ್ತವೆ. ಗಣಕಯಂತ್ರ ಅವನ್ನು ಕೂಡಿಸಿ ಚಿತ್ರ ಮಾಡುತ್ತದೆ. ನಮ್ಮ ಪರದೆಗೆ ಬರುವ ಹೊತ್ತಿಗೆ ಅದು ಕಪ್ಪು ನೆಲದ ಮೇಲೆ ಚೆಲ್ಲಿದ ಬಿಳಿ ಕಲೆಗಳಷ್ಟೇ. ಅಣ್ಣನ ಪಟ್ಟಿಯಲ್ಲಿದ್ದದ್ದು ಎಳೆಯ ಗ್ಯಾಲಕ್ಸಿಗಳು. ಗ್ಯಾಲಕ್ಸಿಯ ನಡುವೆ ಒಂದು ದೊಡ್ಡ ಕಪ್ಪುಕುಳಿ ಇರುತ್ತದೆ. ಅದು ಉಣ್ಣಲು ಶುರುಮಾಡಿದಾಗ ಎರಡು ಕಡೆಗೆ ಉದ್ದನೆಯ ಚಿಮ್ಮುಗಳನ್ನು ಉಗುಳುತ್ತದೆ. ಹಳೆಯವಾದರೆ ಆ ಚಿಮ್ಮುಗಳು ಗ್ಯಾಲಕ್ಸಿಯನ್ನು ದಾಟಿ ಬಹಳ ದೂರ ಹೋಗಿರುತ್ತವೆ. ಈಗಷ್ಟೇ ಶುರುವಾಗಿದ್ದರೆ ಇನ್ನೂ ಗ್ಯಾಲಕ್ಸಿಯ ಒಳಗೇ ಇರುತ್ತವೆ. ಅಂಥವನ್ನು ಹುಡುಕುವುದು ಅವನ ಕೆಲಸ.

ಆ ದಿನ ಅವನು ನನ್ನ ಕೈ ಹಿಡಿದು ಎಳೆದು ಕೂರಿಸಿದ. ಮೂವತ್ತೊಂದನೇ ಸಾಲಿನ ಚಿತ್ರ ತೆರೆದಿತ್ತು. ಕಪ್ಪಿನ ನಡುವೆ ಅಕ್ಕಪಕ್ಕ ಎರಡು ಚುಕ್ಕೆ.

"ತಂಗೆವ್ವಾ, ಇದು ಒಂದ ಗಳದ ಎರಡ ತುದಿನೋ, ಎರಡ ಗಳಾನೋ ಹೇಳು."

"ನನಗ ಹ್ಯಾಂಗ ಗೊತ್ತಾಗ್ಬೇಕಣ್ಣಾ?"

"ನನಗೂ ಗೊತ್ತಿಲ್ಲ. ಅದಕ್ಕ ರೊಟ್ಟಿ ಸೆಟದಾವ."

ಬಿದಿರ ಗಳದ ಹೋಲಿಕೆಯನ್ನು ಬಿಡಿಸಿ ಅವನು ವಿವರಿಸಿದ್ದು ಇಷ್ಟು. ಎರಡು ಚುಕ್ಕೆ ಒಂದೇ ಎಳೆಯ ಗ್ಯಾಲಕ್ಸಿಯ ಚಿಮ್ಮಿನ ಎರಡು ತುದಿಗಳಾಗಿರಬಹುದು. ಒಂದು ಚುಕ್ಕೆ ಕಪ್ಪುಕುಳಿ, ಇನ್ನೊಂದು ಅದು ಉಗುಳಿದ ಗಂಟು ಇರಬಹುದು. ಅಥವಾ ಎರಡು ಗ್ಯಾಲಕ್ಸಿ ಒಂದಕ್ಕೊಂದು ಡಿಕ್ಕಿ ಹೊಡೆದು, ಎರಡರ ಕಪ್ಪುಕುಳಿಗಳೂ ಒಟ್ಟಿಗೇ ಎಚ್ಚತ್ತಿರಬಹುದು. ಮೂರನೆಯದು ಅಪರೂಪ. ಗೊತ್ತು ಮಾಡುವ ದಾರಿ ಒಂದೇ: ಪ್ರತಿ ಚುಕ್ಕೆಯ ಹೊಳಪನ್ನು ಉದ್ದ ತರಂಗದಲ್ಲಿ ಒಮ್ಮೆ, ಗಿಡ್ಡ ತರಂಗದಲ್ಲಿ ಒಮ್ಮೆ ಬೇರೆಬೇರೆಯಾಗಿ ಅಳೆಯಬೇಕು. ಚಿಮ್ಮಿನ ತುದಿಗಳಾದರೆ ಗಿಡ್ಡ ತರಂಗದಲ್ಲಿ ಎರಡೂ ಮಂಕಾಗುತ್ತವೆ. ಕಪ್ಪುಕುಳಿಯ ಬುಡವಾದರೆ ಹೊಳಪು ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ, ಕೆಲವೊಮ್ಮೆ ಏರುತ್ತದೆ. ಎರಡು ಚುಕ್ಕೆಯೂ ಹಾಗೇ ಉಳಿದರೆ ಎರಡು ಕಪ್ಪುಕುಳಿ.

ಉದ್ದ ತರಂಗದ ಅಳತೆ ಅವನು ಆಗಲೇ ಮುಗಿಸಿದ್ದ. ನೋಟ್‌ಬುಕ್ಕಿನಲ್ಲಿ ಚುಕ್ಕೆಗಳಿಗೆ ಮೂಡಲದ್ದು, ಪಡುವಲದ್ದು ಎಂದು ಹೆಸರಿಟ್ಟಿದ್ದ. ಮೂಡಲದ್ದು ಪಡುವಲದ್ದಕ್ಕಿಂತ ಸುಮಾರು ಎರಡು ಪಟ್ಟು ಬೆಳಗುತ್ತಿತ್ತು. ಗಿಡ್ಡ ತರಂಗದ ಚಿತ್ರಗಳು ಮುಂದಿನ ವಾರ ಬರುವುದಿತ್ತು.

"ಎರಡೂ ಹಂಗೇ ಉಳದ್ರ ಇಡೀ ಕಾಲೇಜಿಗಿ ಮಾಲ್ಪುರಿ ಹಂಚ್ತೇನಿ," ಎಂದ. ಆಮೇಲೆ ಎದ್ದು ಸೆಟೆದ ರೊಟ್ಟಿಯನ್ನೇ ಮುರಿದು ಶೇಂಗಾ ಹಿಂಡಿ ಹಚ್ಚಿಕೊಂಡು ಉಂಡ. ನಾವು ಮೂವರೂ ಒಟ್ಟಿಗೆ ಉಂಡ ಊಟ ಅದೇ ಕೊನೆಯದು.

ಸೋಮವಾರ ಮೊದಲ ತರಗತಿಗೆ ಹೋಗುತ್ತಿದ್ದವನು ಕಾಲೇಜಿನ ಮೊಗಸಾಲೆಯಲ್ಲಿ ಗೋಡೆ ಹಿಡಿದು ಕುಳಿತನಂತೆ. ಗಾಡಿ ಕಲಬುರಗಿ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಹೃದಯ ಎಂದರು. ನಮ್ಮ ಹೊಲದಲ್ಲಿ, ಬದುವಿನ ಹತ್ತಿರ ಅವನನ್ನು ಮಣ್ಣು ಮಾಡಿದೆವು. ಎಲ್ಲರೂ ವಿಭೂತಿ, ಬಿಲ್ವಪತ್ರೆ ಹಿಡಿದು ನಿಂತಿದ್ದಾಗ ನನ್ನ ಕಣ್ಣು ತಾನಾಗಿಯೇ ಬದುವಿನಿಂದ ಎಷ್ಟು ಅಡಿ ಎಂದು ಎಣಿಸುತ್ತಿತ್ತು. ಅದನ್ನು ತಡೆಯಲು ನನಗೆ ಆಗಲಿಲ್ಲ. ಹನ್ನೊಂದನೇ ದಿನದ ಗಣಾರಾಧನೆ ಮುಗಿದ ಮೇಲೆ ವೈನಿಯನ್ನು ತವರಿನವರು ಆಳಂದಕ್ಕೆ ಕರೆದೊಯ್ದರು. ಅಣ್ಣನ ಲ್ಯಾಪ್‌ಟಾಪನ್ನು ಅವರು ತಮ್ಮ ಜೊತೆ ಒಯ್ದರು. ಅದರ ಪಾಸ್‌ವರ್ಡ್ ಯಾರಿಗೂ ಗೊತ್ತಿರಲಿಲ್ಲ. ನೋಟ್‌ಬುಕ್ಕು ಮತ್ತು ಫೋನು ನನ್ನ ಹತ್ತಿರ ಉಳಿದವು.

ಫೋನನ್ನು ನಾನು ಚಾರ್ಜಿಗೆ ಹಾಕುತ್ತಲೇ ಇದ್ದೆ. ಒಂದು ಬೆಳಿಗ್ಗೆ ಅದು ರಿಂಗಾಯಿತು. ಕೇಂದ್ರದಲ್ಲಿ ಈ ಪಟ್ಟಿಗಳನ್ನು ನೋಡಿಕೊಳ್ಳುವ ವಿಜ್ಞಾನಿ. ಅಣ್ಣ ಅವರನ್ನು ಮೇಡಂ ಎನ್ನುತ್ತಿದ್ದ. ಮೈಸೂರು ಕಡೆಯ ಮಾತು. ಚಿತ್ರ ಕಳಿಸಿ ಎರಡು ವಾರವಾದರೂ ಉತ್ತರವಿಲ್ಲವೆಂದು ಕೇಳಲು ಮಾಡಿದ್ದರು. ನಾನು ವಿಷಯ ಹೇಳಿದೆ. ಯಾವಾಗ, ಹೇಗೆ ಎಂದು ಕೇಳಿಕೊಂಡರು.

"ಅವರ ಪಾಲಿನದು ಹದಿನಾಲ್ಕು ಸಾಲು ಉಳಿದಿದೆ. ಅದನ್ನ ಬೇರೆಯವರಿಗೆ ಕೊಡ್ತೀನಿ, ನೀವು ಅದರ ಯೋಚನೆ ಮಾಡಬೇಡಿ," ಎಂದರು ಕೊನೆಗೆ.

"ನಾ ಮಾಡ್ತೇನ್ರಿ," ಎಂದೆ. ಆ ಮಾತು ಹೇಗೆ ಬಂತೋ ಗೊತ್ತಿಲ್ಲ. "ಅಣ್ಣನ ಬಾಜೂಕ ಕೂತು ಎರಡ ವರ್ಷ ಅಂಕಿ ಓದೀನ್ರಿ."

ಅವರು ಒಪ್ಪಲು ಹಿಂದೆಮುಂದೆ ನೋಡಿದರು. ಪರೀಕ್ಷೆಗೆಂದು ಐದು ಚಿತ್ರ ಕಳಿಸಿದರು, ಐದೂ ಒಂಟಿ ಚುಕ್ಕೆಯವು. ಅಳೆದು ಕಳಿಸಿದೆ. ತಮ್ಮ ಅಳತೆಗೂ ನನ್ನದಕ್ಕೂ ಕೂಡಿತು ಎಂದರು. ಹದಿನಾಲ್ಕೂ ಸಾಲುಗಳು ನನ್ನ ಆಫೀಸಿನ ಗಣಕಯಂತ್ರಕ್ಕೆ ಬಂದವು.

ಆ ಎರಡು ವಾರ ನಾನು ಹೇಗಿದ್ದೆ ಎಂದು ಬರೆಯಲು ಸ್ವಲ್ಪ ನಾಚಿಕೆಯಾಗುತ್ತದೆ. ಮನೆಯಲ್ಲಿ ಸಾವಿನ ಮೌನವಿತ್ತು, ನನ್ನೊಳಗೆ ಉತ್ಸಾಹ ಕುದಿಯುತ್ತಿತ್ತು. ಬೆಳಿಗ್ಗೆ ಆರಕ್ಕೆ ಆಫೀಸಿನ ಬಾಗಿಲು ತೆಗೆದು, ಅಳತೆಗೆ ಹೊರಡುವ ತನಕ ಕುಳಿತುಬಿಡುತ್ತಿದ್ದೆ. ಚುಕ್ಕೆಯ ಸುತ್ತ ಗೆರೆ ಎಳೆಯಬೇಕು. ಗೆರೆಯೊಳಗಿನ ಹೊಳಪನ್ನು ತಂತ್ರಾಂಶ ಕೂಡಿಸಿ ಕೊಡುತ್ತದೆ. ಆಮೇಲೆ ಏನೂ ಇಲ್ಲದ ಕಡೆ ಅಷ್ಟೇ ಅಗಲದ ಗೆರೆ ಎಳೆದು ಖಾಲಿ ಆಕಾಶದ ಗದ್ದಲವನ್ನು ಅಳೆದು ಕಳೆಯಬೇಕು. ಗೆರೆ ಬಿಗಿಯಾದರೆ ಹೊಳಪು ಸೋರಿಹೋಗುತ್ತದೆ, ಸಡಿಲಾದರೆ ಗದ್ದಲ ಒಳಗೆ ಬರುತ್ತದೆ. ಪ್ರತಿಯೊಂದನ್ನೂ ಮೂರು ಸಲ ಅಳೆದು ಸರಾಸರಿ ತೆಗೆಯುತ್ತಿದ್ದೆ. ಮೂರೂ ಹತ್ತಿರ ಹತ್ತಿರ ಬಂದಾಗ ಹದ್ದಿನ ಕಲ್ಲು ಇರಬೇಕಾದಲ್ಲೇ ಸಿಕ್ಕ ಹಾಗೆ ಆಗುತ್ತಿತ್ತು.

ಹದಿನಾಲ್ಕರಲ್ಲಿ ಆರು ಸಾಲುಗಳು ಜೋಡಿ ಚುಕ್ಕೆಯವು. ಮೂವತ್ತೊಂದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅಣ್ಣ ಬರೆದಂತೆಯೇ ಮೂಡಲ, ಪಡುವಲ ಎಂದು ಹೆಸರಿಟ್ಟು ಅಳೆದೆ. ಅವನ ಅಂಕಿಗಳ ಪಕ್ಕದ ಖಾನೆಯಲ್ಲಿ ನನ್ನವನ್ನು ಬರೆದು ಎರಡನ್ನೂ ಹೋಲಿಸಿದೆ.

ಮೂಡಲದ್ದು ಅರ್ಧಕ್ಕೆ ಇಳಿದಿತ್ತು. ಪಡುವಲದ್ದು ಎರಡು ಪಟ್ಟು ಏರಿತ್ತು.

ಎರಡು ಗಳವೂ ಅಲ್ಲ, ಒಂದು ಗಳದ ಎರಡು ತುದಿಯೂ ಅಲ್ಲ. ಒಂದು ಕಪ್ಪುಕುಳಿ, ಅದು ಉಗುಳಿದ ಒಂದು ಗಂಟು. ಪಟ್ಟಿಯನ್ನು ಹಾಗೇ ಕಳಿಸಿದೆ. ಮರುದಿನ ಮೇಡಂ ಫೋನು ಮಾಡಿದರು. ದನಿಯಲ್ಲಿ ಸಂತೋಷವಿತ್ತು, ಆದರೆ ಮೂವತ್ತೊಂದರ ಬಗ್ಗೆ ಅಲ್ಲ.

"ನಿಮ್ಮ ಮೂವತ್ತೆಂಟನೇ ಸಾಲು ನೋಡಿದ್ರಾ? ಎರಡೂ ಚುಕ್ಕೆ ಹಾಗೇ ಉಳಿದಿದೆ. ಅದು ಜೋಡಿ ಇರಬಹುದು. ಅದನ್ನೇ ಮೊದಲು ಇಟ್ಟಿದ್ದೀನಿ."

"ಮೂವತ್ತೊಂದು ಏನಾಯ್ತ್ರಿ?"

"ಅದನ್ನ ತೆಗೆದುಹಾಕಿದೆ. ಒಂಟಿ ಕುಳಿ."

ದೊಡ್ಡ ದೂರದರ್ಶಕದಲ್ಲಿ ಸಮಯ ಕೇಳುವ ಅರ್ಜಿ ಇನ್ನು ಹತ್ತು ದಿನಕ್ಕೆ ಮುಚ್ಚುತ್ತದೆ, ಪಟ್ಟಿಯಲ್ಲಿ ಉಳಿದವುಗಳ ಕಡೆಗೆ ಮಾತ್ರ ಬುಟ್ಟಿಗಳನ್ನು ತಿರುಗಿಸುತ್ತಾರೆ ಎಂದು ತಿಳಿಸಿದರು. ಈ ಸಲ ಬಿಟ್ಟದ್ದನ್ನು ಮತ್ತೆ ಯಾರೂ ತೆರೆದು ನೋಡುವುದಿಲ್ಲ. ಸರಿ ಎಂದೆ. ಅಣ್ಣ ಕೊನೆಯದಾಗಿ ಆಸೆಪಟ್ಟ ಒಂದೇ ಸಾಲನ್ನು ನನ್ನ ಕೈಯಾರೆ ಅಳಿಸಿದಂತಾಗಿತ್ತು. ಆದರೆ ಅಳತೆ ಅಳತೆಯೇ. ಪಕ್ಷಗಾರ ಅತ್ತನೆಂದು ಹದ್ದು ಸರಿಸಲು ಬರುವುದಿಲ್ಲ.

ಎರಡು ದಿನ ಬಿಟ್ಟು ಜೇವರ್ಗಿ ತಾಲೂಕಿನ ನೆಲೋಗಿಯಲ್ಲಿ ಕೆಲಸವಿತ್ತು. ಅಲ್ಲಿಯ ಇಬ್ಬರು ದಾಯಾದಿ ಅಣ್ಣತಮ್ಮಂದಿರ ನಡುವೆ ಹೊಲ ಪೋಡಿ ಮಾಡಬೇಕಿತ್ತು, ಅಂದರೆ ಅಳೆದು ಪಾಲು ಬೇರೆ ಮಾಡಬೇಕಿತ್ತು. ಟೇಪು ಹಿಡಿಯಲು ನನ್ನ ಜೊತೆ ಒಬ್ಬ ವಯಸ್ಸಾದ ಚಾಚಾ ಬರುತ್ತಾರೆ. ನನಗಿಂತ ಮೊದಲು ಮೂವರು ಭೂಮಾಪಕರಿಗೆ ಟೇಪು ಹಿಡಿದವರು. ಹೊಲದಲ್ಲಿ ಹತ್ತಿಪ್ಪತ್ತು ಮಂದಿ ನೆರೆದಿದ್ದರು.

"ಹೆಣ್ಮಗಳು ಅಳದ್ರ ಹೊಲ ಸಣ್ಣದಾಗ್ತದೇನೋ ನೋಡ್ರಪಾ," ಎಂದ ಒಬ್ಬ.

"ನಿನ್ನ ಬಾಯಿ ಅಳದ್ರ ಎರಡ ಎಕರೆ ಆಗ್ತದ, ಅದನ್ನ ಮದ್ಲ ಪೋಡಿ ಮಾಡ್ಸು," ಎಂದರು ಚಾಚಾ, ಟೇಪು ಬಿಚ್ಚುತ್ತ.

ಮಂದಿ ನಕ್ಕರು. ನಾನು ಹಳೆಯ ನಕ್ಷೆ ಹಿಡಿದು ದಕ್ಷಿಣದ ಕಲ್ಲಿನಿಂದ ಅಳೆಯುತ್ತ ಬಂದೆ. ಉತ್ತರದ ಕಲ್ಲು ನಕ್ಷೆಯಲ್ಲಿದ್ದ ಜಾಗಕ್ಕಿಂತ ಐದು ಹೆಜ್ಜೆ ಆಚೆಗಿತ್ತು. ಮತ್ತೆ ಅಳೆದೆ, ಅಷ್ಟೇ. ಯಾರೋ ಕಲ್ಲು ಕಿತ್ತು ಸರಿಸಿದ್ದಾರೆ ಎಂದು ಹೇಳಲು ಬಾಯಿ ತೆರೆದೆ. ಆ ಮಾತು ಹೊರಗೆ ಬಿದ್ದಿದ್ದರೆ ಅಣ್ಣತಮ್ಮಂದಿರು ಅಲ್ಲೇ ಕೊರಳಪಟ್ಟಿ ಹಿಡಿಯುತ್ತಿದ್ದರು.

ಚಾಚಾ ಹತ್ತಿರ ಬಂದು ಸಣ್ಣ ದನಿಯಲ್ಲಿ, "ಬೇಟಿ, ಕಲ್ಲಿಗಿ ಕಳ್ಳ ಅನ್ನೂಕಿಂತ ಮದ್ಲ ಆ ಕಡಿಂದ ಒಮ್ಮಿ ಅಳದ ನೋಡಮು," ಎಂದರು.

ಉತ್ತರದ ಕಲ್ಲಿನಿಂದ ಹಿಂದಕ್ಕೆ ಅಳೆದೆವು. ನಕ್ಷೆಯ ಅಳತೆ ಮುಗಿದ ಜಾಗದಲ್ಲಿ ಕಳೆ ಸರಿಸಿ ನೋಡಿದರೆ ಅರ್ಧ ಹೂತಿದ್ದ ಇನ್ನೊಂದು ಕಲ್ಲು. ನಾನು ಶುರುಮಾಡಿದ ಕಲ್ಲೇ ತಪ್ಪು, ಅದು ಪಕ್ಕದ ಸರ್ವೆ ನಂಬರಿನದು. ನೆರೆದ ಮಂದಿಯ ಮುಂದೆ ಹಾಗೆಂದು ಒಪ್ಪಿಕೊಂಡೆ.

ಊರಿಗೆ ಮರಳುವ ಬಸ್ಸಿನಲ್ಲಿ ಕಿಟಕಿಗೆ ಒರಗಿ ಕುಳಿತಾಗ ಒಂದು ವಿಷಯ ಹೊಳೆಯಿತು. ಮೂವತ್ತೊಂದನ್ನು ನಾನು ಒಂದೇ ಕಡೆಯಿಂದ ಅಳೆದಿದ್ದೆ. ಅಣ್ಣನ ಅಂಕಿಗಳನ್ನು ನೋಟ್‌ಬುಕ್ಕಿನಿಂದ ಎತ್ತಿಕೊಂಡಿದ್ದೆನೇ ಹೊರತು, ಅವನು ಅಳೆದ ಚಿತ್ರವನ್ನು ನಾನು ಮತ್ತೆ ತೆರೆದೇ ಇರಲಿಲ್ಲ. ಆ ಚಿತ್ರಗಳು ಬೀಗ ಬಿದ್ದ ಲ್ಯಾಪ್‌ಟಾಪಿನಲ್ಲಿದ್ದವು. ಮೇಡಂ ಅವರನ್ನು ಕೇಳಬಹುದಿತ್ತು. ಏನೂ ಸಿಗದಿದ್ದರೆ, ಅಣ್ಣನ ಮೇಲಿನ ಮೋಹಕ್ಕೆ ಹೀಗೆ ಮಾಡುತ್ತಿದ್ದಾಳೆ ಅಂದುಕೊಂಡಾರು ಎಂಬ ಅಳುಕು. ಮೊದಲು ಆಳಂದಕ್ಕೆ ಹೋಗಿ ಲ್ಯಾಪ್‌ಟಾಪು ತೆರೆಯುತ್ತದೋ ನೋಡೋಣ ಎಂದುಕೊಂಡೆ.

ಮರುದಿನವೇ ಹೋದೆ. ವೈನಿ ಅಂಗಳದಲ್ಲಿ ತೊಗರಿ ಬೇಳೆ ಹಸನು ಮಾಡುತ್ತಿದ್ದರು. ಲ್ಯಾಪ್‌ಟಾಪನ್ನು ಅಣ್ಣನ ಟವೆಲ್ಲಿನಲ್ಲಿ ಸುತ್ತಿ ಅಲಮಾರಿನಲ್ಲಿ ಇಟ್ಟಿದ್ದರು. ಊರ ಹೆಸರು, ಕಾಲೇಜಿನ ಹೆಸರು, ವೈನಿಯ ಹುಟ್ಟಿದ ದಿನ, ಎಲ್ಲವನ್ನೂ ಒತ್ತಿ ನೋಡಿದೆವು. ತೆರೆಯಲಿಲ್ಲ.

"ನನ್ನ ಹೆಸರರೇ ಇಟ್ಟಿರ್ತಾರ ಅನ್ಕೊಂಡಿದ್ದೆ," ಎಂದರು ವೈನಿ. ನಗಲು ನೋಡಿದರು.

ನಾನು ಸೋತು ನನ್ನ ಫೋನು ತೆಗೆದು, ಗಿಡ್ಡ ತರಂಗದ ಚಿತ್ರವನ್ನು ಅವರಿಗೆ ತೋರಿಸಿದೆ. ಯಾಕೆ ಬಂದೆ ಎಂದಾದರೂ ತಿಳಿಯಲಿ ಎಂದು. ಅವರು ಬೇಳೆಯ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನು ಹಿಡಿದು ನೋಡಿದರು.

"ಇದೇ ಅಲ್ಲೇನು ಆ ಭಾನುವಾರದ್ದು? ಮೂಡಲದ್ದು ಹ್ಯಾಂಗ ಉರಿಯಾಕತ್ತದ ನೋಡು ಅಂತ ನನಗ ನೀ ಬರೂಕಿಂತ ಮದ್ಲೇ ತೋರಿಸಿದ್ರು." ಅವರ ಬೆರಳು ಎಡಗಡೆಯ ಚುಕ್ಕೆಯ ಮೇಲಿತ್ತು.

"ವೈನಿ, ಅದು ಪಡುವಲದ್ದರಿ. ಮೂಡಲ ಬಲಕ್ಕಿರ್ತದ."

"ನಾನೂ ಹಂಗೇ ಅಂದಿದ್ದೆ. ಮಾಸ್ತರ್ರ, ನಿಮಗ ದಿಕ್ಕ ತಪ್ಪೇದ ಅಂತ ನಕ್ಕಿದ್ದೆ. ಅದಕ್ಕ ನನ್ನ ಮಾಳಿಗಿ ಮ್ಯಾಲ ಕರ್ಕೊಂಡ ಹೋದ್ರು. ಉತ್ತರಕ್ಕ ತಲಿ ಮಾಡಿ ಅಂಗಾತ ಮಲಗು, ಅಂದ್ರು. ಉತ್ತರಕ್ಕ ತಲಿ ಹಾಕಬಾರದ್ರಿ, ಕೆಟ್ಟದಾಗ್ತದ ಅಂತ ಜಗಳಾಡಿದೆ. ಹಾಡ ಹಗಲಾಗ ಒಂದ ನಿಮಿಷಕ್ಕ ಏನಾಗಂಗಿಲ್ಲ, ನಾನೂ ಮಲಗ್ತೇನಿ ಅಂತ ತಾವೂ ಬಾಜೂಕ ಮಲಗಿದ್ರು. ಬಾಜೂ ಮನಿ ಮುದುಕಿ ನೋಡಾಕತ್ತಿದ್ಲು, ನನಗ ಜೀವ ಹೋದಂಗಾಗಿತ್ತು. ಈಗ ಆಕಾಶ ನೋಡು, ಅಂದ್ರು. ನಿನ್ನ ಎಡಗೈ ಯಾವ ಕಡಿಗದ? ಮೂಡಲಕ್ಕ. ಆಕಾಶದ ನಕಾಶಿ ಹಿಂಗೇ ಇರ್ತದ, ಕೆಳಗ ನೋಡಿದ್ದಲ್ಲ, ಮ್ಯಾಲ ನೋಡಿದ್ದು, ಅಂದ್ರು."

ನಾನು ಅಂಗಳದಲ್ಲಿ ಕುಳಿತಲ್ಲೇ ಕಣ್ಣು ಮುಚ್ಚಿ ಉತ್ತರಕ್ಕೆ ತಲೆ ಮಾಡಿ ಮಲಗಿದೆ ಎಂದುಕೊಂಡೆ. ಎಡಗೈ ಮೂಡಲಕ್ಕೆ ಹೋಯಿತು. ಹದಿನಾರು ವರ್ಷ ನಾನು ನೆಲದ ನಕ್ಷೆ ಬರೆದಿದ್ದೇನೆ. ಉತ್ತರ ಮೇಲೆ, ಮೂಡಲ ಬಲಕ್ಕೆ. ಅದನ್ನು ಯಾರನ್ನಾದರೂ ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಅಣ್ಣನ ಪಕ್ಕ ಕುಳಿತಷ್ಟು ದಿನ ನಾನು ಅಂಕಿ ಓದಿದೆ, ಹೆಸರು ಬರೆದವನು ಅವನು. ಅವನ ಮೂಡಲ ಎಡಗಡೆಯದು, ನನ್ನ ಮೂಡಲ ಬಲಗಡೆಯದು. ಒಂದು ಚುಕ್ಕೆಯ ಉದ್ದ ತರಂಗವನ್ನು ಇನ್ನೊಂದು ಚುಕ್ಕೆಯ ಗಿಡ್ಡ ತರಂಗದ ಜೊತೆ ಹೋಲಿಸಿಬಿಟ್ಟಿದ್ದೆ.

ನೆಲದ ಮೇಲೆಯೇ ಬೆರಳಿನಲ್ಲಿ ಅಂಕಿ ಬರೆದು, ನನ್ನವನ್ನು ಅದಲುಬದಲು ಮಾಡಿದೆ. ಮೂಡಲದ್ದು ಹಾಗೇ ಉಳಿದಿತ್ತು. ಪಡುವಲದ್ದೂ ಹಾಗೇ ಉಳಿದಿತ್ತು.

"ವೈನಿ, ಎರಡೂ ಹಂಗೇ ಅವರಿ."

ಅವರು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಬೇಳೆಯ ಮೊರವನ್ನೇ ನೋಡುತ್ತಿದ್ದರು. "ಮರುದಿನಾನೇ ಹಂಗಾತು. ನಾ ಮಲಗಬಾರ್ದಾಗಿತ್ತು. ಅವರಿಗೂ ಮಲಗಗೊಡಬಾರ್ದಾಗಿತ್ತು. ಯಾರಿಗೂ ಹೇಳಿಲ್ಲ ಇದನ್ನ," ಎಂದರು.

ಇಷ್ಟು ದಿನ ಅವರು ಇದನ್ನು ಹೊತ್ತುಕೊಂಡಿದ್ದರು. ನನಗೆ ದೊಡ್ಡ ಮಾತು ಬರುವುದಿಲ್ಲ. ಅವರ ಕೈ ಹಿಡಿದು, "ಡಾಕ್ಟರ್ ಏನಂದ್ರು ನೀವೇ ಕೇಳೀರಲ್ರಿ. ಅದು ಬಾಳ ದಿನದ್ದು, ಒಳಗೇ ಇತ್ತು ಅಂತ," ಎಂದೆ. ಅವರು ತಲೆಯಾಡಿಸಿದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಆದರೆ ಬಸ್ಸಿಗೆ ಹೊರಟಾಗ ಬಾಗಿಲ ತನಕ ಬಂದು, "ಆ ಮೇಡಮ್ಮಗ ಇವತ್ತೇ ಹೇಳು," ಎಂದರು.

ಹೇಳುವುದರಲ್ಲಿ ಒಂದು ತೊಡಕಿತ್ತು, ಅದು ಬಸ್ಸಿನಲ್ಲಿ ಸ್ಪಷ್ಟವಾಯಿತು. ಇದೇ ತಪ್ಪನ್ನು ನಾನು ಆರೂ ಜೋಡಿಗಳಲ್ಲಿ ಮಾಡಿದ್ದೆ. ಮೂವತ್ತೆಂಟರಲ್ಲೂ. ಅದರ ಅಂಕಿಗಳನ್ನು ಅದಲುಬದಲು ಮಾಡಿ ನೋಡಿದೆ. ಒಂದು ಅರ್ಧಕ್ಕೆ ಇಳಿಯಿತು, ಇನ್ನೊಂದು ಏರಿತು. ಮೇಡಂ ಮೊದಲಿಗೆ ಇಟ್ಟಿದ್ದ ಜೋಡಿ ಜೋಡಿಯೇ ಅಲ್ಲ, ನನ್ನ ತಪ್ಪು ಹುಟ್ಟಿಸಿದ್ದು. ಮೂವತ್ತೊಂದನ್ನು ಮಾತ್ರ ತಿದ್ದಿ ಕಳಿಸಿದರೆ ಎರಡೂ ಪಟ್ಟಿಯಲ್ಲಿ ಉಳಿಯುತ್ತವೆ, ಎಲ್ಲರಿಗೂ ಸಂತೋಷ. ಪೂರ್ತಿ ಹೇಳಿದರೆ ಹದಿನಾಲ್ಕು ಸಾಲನ್ನೂ ಅನುಮಾನದಿಂದ ನೋಡುತ್ತಾರೆ, ಅರ್ಜಿಗೆ ಉಳಿದದ್ದು ಆರು ದಿನ, ಎಲ್ಲವನ್ನೂ ಬಿಟ್ಟರೂ ಬಿಡಬಹುದು. ಅದರಲ್ಲಿ ಮೂವತ್ತೊಂದೂ ಹೋಗುತ್ತದೆ. ಪಟ್ಟಿಯ ತಲೆಯ ಮೇಲೆ ಅಣ್ಣನ ಹೆಸರಿತ್ತು. ಅಫಜಲಪುರ ಬರುವ ಮೊದಲೇ ನಿರ್ಧರಿಸಿದೆ. ನೆಲೋಗಿಯಲ್ಲಿ ಅಷ್ಟು ಮಂದಿಯ ಮುಂದೆ ತಪ್ಪು ಕಲ್ಲಿನಿಂದ ಅಳೆದೆ ಎಂದು ಒಪ್ಪಿಕೊಂಡಿದ್ದೆ. ಇದನ್ನು ಮುಚ್ಚಿಟ್ಟರೆ ಅಣ್ಣನ ನೋಟ್‌ಬುಕ್ಕು ಮುಟ್ಟಲು ನನಗೆ ಕೈ ಬರುತ್ತಿರಲಿಲ್ಲ.

ಬಸ್ ನಿಲ್ದಾಣದಲ್ಲಿ ನಿಂತೇ ಫೋನು ಮಾಡಿದೆ. ಉಸಿರು ಬಿಡದೆ ಎಲ್ಲವನ್ನೂ ಹೇಳಿದೆ.

"ಹಾಗಾದರೆ ಮೂವತ್ತೆಂಟು ಹೋಗುತ್ತಲ್ಲಮ್ಮ," ಎಂದರು ಮೇಡಂ.

"ಹೋಗ್ತದ್ರಿ."

"ಅದನ್ನೇ ನಂಬಿಕೊಂಡು ಅರ್ಜಿ ಬರೆದಿದ್ದೆ."

"ಗೊತ್ತದ್ರಿ. ತಪ್ಪ ನಂದದ, ಅಣ್ಣಂದಲ್ರಿ."

ಅತ್ತಕಡೆ ಕುರ್ಚಿ ಸರಿದ ಸದ್ದಾಯಿತು. "ನಾನೂ ಚಿತ್ರ ತೆಗೆದು ನೋಡಬೇಕಿತ್ತು. ಪಟ್ಟಿ ನೋಡಿ ಬಿಟ್ಟೆ," ಎಂದರು. ಆಮೇಲೆ ನಕ್ಕರು. "ಮೊದಲನೇ ವರ್ಷದ ಹುಡುಗರು ಈ ತಪ್ಪು ಮಾಡ್ತಾರೆ. ಭೂಮಿ ಅಳೆಯೋರು ಮಾಡಿದ್ದು ಇದೇ ಮೊದಲು. ಎರಡೂ ತರಂಗದ ಚಿತ್ರ ಮತ್ತೆ ಕಳಿಸ್ತೀನಿ. ಈ ಸಲ ದಿಕ್ಕಿನ ಹೆಸರು ಬೇಡ. ಪ್ರತಿ ಚುಕ್ಕೆಗೂ ಆಕಾಶದ ಸ್ಥಾನಾಂಕ ಬರೀರಿ. ನಾಲ್ಕು ದಿನದಲ್ಲಿ ಆಗುತ್ತಾ?"

ನಾಲ್ಕು ದಿನ ಅಳತೆಯ ಕೆಲಸಗಳನ್ನೆಲ್ಲ ಮುಂದಕ್ಕೆ ಹಾಕಿದೆ. ಸ್ಥಾನಾಂಕವೆಂದರೆ ನೆಲದ ಅಕ್ಷಾಂಶ, ರೇಖಾಂಶದ ಹಾಗೆಯೇ ಆಕಾಶಕ್ಕೂ ಇರುವ ಅಂಕಿಗಳು. ಬಾಣವನ್ನು ಚುಕ್ಕೆಯ ಮೇಲೆ ಒಯ್ದರೆ ಪರದೆಯ ಕೆಳಗೆ ಮೂಡುತ್ತವೆ. ಮೂಡಲಕ್ಕೆ ಹೋದಂತೆ ಏರಬೇಕಾದ ಅಂಕಿ ಎಡಕ್ಕೆ ಹೋದಂತೆ ಏರುತ್ತಿತ್ತು. ಅದು ಮೊದಲಿನಿಂದಲೂ ನನ್ನ ಕಣ್ಣ ಮುಂದೆಯೇ ಇತ್ತು. ಹೋದ ಸಲದ ಒಂದು ಅಂಕಿಯನ್ನೂ ಎತ್ತಿಕೊಳ್ಳಲಿಲ್ಲ, ಅಣ್ಣನವನ್ನೂ. ಆರು ಜೋಡಿ, ಎರಡು ತರಂಗ, ಪ್ರತಿಯೊಂದೂ ಮೂರು ಸಲ. ಮೂವತ್ತೊಂದರ ಉದ್ದ ತರಂಗದ ಚಿತ್ರ ತೆರೆದಾಗ ಅಣ್ಣ ನೋಡಿದ್ದ ಅದೇ ಚುಕ್ಕೆಗಳು. ಅಳೆದೆ. ನೋಟ್‌ಬುಕ್ಕಿನಲ್ಲಿದ್ದ ಅವನ ಅಂಕಿಗೂ ನನ್ನದಕ್ಕೂ ಕೂದಲೆಳೆಯಷ್ಟೇ ವ್ಯತ್ಯಾಸ. ನಾಲ್ಕನೇ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಕೊನೆಯ ಸರಾಸರಿ ಬಂತು. ಎರಡೂ ಚುಕ್ಕೆ ಎರಡೂ ತರಂಗದಲ್ಲಿ ಕದಲದೆ ನಿಂತಿದ್ದವು. ನಾನು ಕುರ್ಚಿಯಿಂದ ಎದ್ದು ಆಫೀಸಿನಲ್ಲೇ ಎರಡು ಸುತ್ತು ಹಾಕಿ, ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ ಚಾಚಾಗೆ ಹೇಳಿದೆ.

"ಚಾಚಾ, ಎರಡ ಗಳ ಅವರಿ."

"ಇಬ್ರ ನಡು ಹದ್ದಿನ ತಕರಾರ ಏನರ ಅದೇನು?" ಎಂದು ಕೇಳಿದರು. ಅಷ್ಟು ದಿನದ ಮೇಲೆ ನಾನು ಬಾಯಿ ತುಂಬ ನಕ್ಕೆ.

ಮೇಡಂ ಮೂವತ್ತೆಂಟನ್ನು ತೆಗೆದರು, ಮೂವತ್ತೊಂದನ್ನು ಅದರ ಜಾಗದಲ್ಲಿ ಬರೆದು ಅರ್ಜಿ ಕಳಿಸಿದರು. ಎಳೆಯ ಗ್ಯಾಲಕ್ಸಿಗಳೆಂದು ನಮ್ಮ ಪಟ್ಟಿಯ ಇನ್ನೆರಡು ಸಾಲುಗಳೂ ಉಳಿದವು. ಸಮಯ ಸಿಕ್ಕಿತು. ನೂರಾರು ಮೈಲಿ ಅಂತರದಲ್ಲಿ ನಿಂತ ಬುಟ್ಟಿಗಳನ್ನು ಒಂದೇ ಹೊತ್ತಿಗೆ ಒಂದೇ ಕಡೆ ತಿರುಗಿಸಿ ನೋಡುವ ದೂರದರ್ಶಕ ಅದು. ಬುಟ್ಟಿಗಳು ದೂರವಿದ್ದಷ್ಟೂ ಚಿತ್ರ ಚೂಪು. ಚಿಮ್ಮಿನ ತುದಿಗಳಾದರೆ ಅಲ್ಲಿ ಹರಡಿ, ಹಿಂಜಿದ ಅರಳೆಯಂತಾಗುತ್ತವೆ. ಕಪ್ಪುಕುಳಿಯ ಬುಡವಾದರೆ ಎಷ್ಟು ಚೂಪಾಗಿ ನೋಡಿದರೂ ಚುಕ್ಕೆಯಾಗಿಯೇ ಉಳಿಯುತ್ತದೆ.

ಚಿತ್ರ ಬಂದಾಗ ನಾನು ಜೇವರ್ಗಿಯ ಸರ್ವೆ ಕಚೇರಿಯ ಹೊರಗೆ ಸರದಿಯಲ್ಲಿ ನಿಂತಿದ್ದೆ. ಫೋನಿನಲ್ಲಿ ತೆರೆದು, ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಕಪ್ಪು ನೆಲದಲ್ಲಿ ಎರಡು ಚುಕ್ಕೆ, ಸೂಜಿಯ ಮೊನೆಯಷ್ಟು ಚೂಪು. ನಡುವೆ ಒಂದು ಎಳೆಯೂ ಇಲ್ಲ. ಸರದಿ ಮುಂದೆ ಸರಿದದ್ದು ತಿಳಿಯಲಿಲ್ಲ. ಹಿಂದಿನವನು, "ಅಕ್ಕಾ, ಮುಂದ ನಡಿರಿ, ಸಿನೆಮಾ ಆಮ್ಯಾಲ ನೋಡೀರಂತ," ಎಂದ. ವೈನಿಗೆ ಚಿತ್ರ ಕಳಿಸಿದೆ. ಮೂಡಲದ್ದು ಇನ್ನೂ ಹಂಗೇ ಉರಿಯಾಕತ್ತದೇನು ಎಂದು ಕೇಳಿದರು. ಹೌದೆಂದು ಬರೆದೆ.

ಇದರ ಬಗ್ಗೆ ಮೇಡಂ ಬರೆಯುತ್ತಿರುವ ಪ್ರಬಂಧದಲ್ಲಿ ಅಣ್ಣನ ಹೆಸರೂ ನನ್ನ ಹೆಸರೂ ಇದೆ. ಅವನ ಹೆಸರಿನ ಪಕ್ಕದಲ್ಲಿ ಒಂದು ಸಣ್ಣ ಗುರುತು ಹಾಕಿ, ಅವನು ತೀರಿಕೊಂಡನೆಂದು ಪುಟದ ಕೆಳಗೆ ಒಂದು ಸಾಲು ಬರೆದಿದ್ದಾರೆ. ಮೇಡಂ ಈಗಲೂ ಜೋಡಿ ಕಪ್ಪುಕುಳಿ ಎಂದು ಬರೆಯುವುದಿಲ್ಲ. ಜೋಡಿ ಇರಬಹುದು ಎಂದೇ ಬರೆಯುತ್ತಾರೆ. ಯಾಕೆಂದರೆ ರೇಡಿಯೊ ಚಿತ್ರ ಚುಕ್ಕೆ ಎಲ್ಲಿದೆ, ಎಷ್ಟು ಬೆಳಗುತ್ತದೆ ಎಂದು ಹೇಳುತ್ತದೆ, ಎಷ್ಟು ದೂರದಲ್ಲಿದೆ ಎಂದು ಹೇಳುವುದಿಲ್ಲ. ಒಂದು ಹತ್ತಿರದ್ದು, ಇನ್ನೊಂದು ಅದರ ಬಹಳ ಹಿಂದಿನದು, ನಮ್ಮ ಕಣ್ಣಿಗೆ ಮಾತ್ರ ಅಕ್ಕಪಕ್ಕ ಇರುವ ಹಾಗೆಯೂ ಆಗಬಹುದು. ದೂರ ತಿಳಿಯಲು ಬೆಳಕಿನ ದೂರದರ್ಶಕದಲ್ಲಿ ಎರಡರ ಬೆಳಕನ್ನೂ ಬಿಡಿಸಿ ನೋಡಬೇಕು. ಮೂಡಲದ ಗ್ಯಾಲಕ್ಸಿ ಬೆಳಕಿನಲ್ಲೂ ಚೆನ್ನಾಗಿ ಕಾಣುತ್ತದೆ, ಅದರ ದೂರ ಸಿಕ್ಕಿದೆ. ಪಡುವಲದ್ದು ಬರೀ ಮಸುಕು. ಅದಕ್ಕೆಂದು ಒಮ್ಮೆ ಸಮಯ ಸಿಕ್ಕಿತ್ತು, ಆ ದಿನ ಅಲ್ಲಿ ಮೋಡ. ಎರಡನೇ ಅರ್ಜಿ ಹೋಗಿದೆ.

ಪಡುವಲದ ಚುಕ್ಕೆಯ ದೂರ ಇನ್ನೂ ಸಿಕ್ಕಿಲ್ಲ.